ಯಾವ ನೌಕೆ ದೊಡ್ಡದು ಅಂತ ಕೇಳಬೇಡಿ, ಅದರ ಬಿಸಿ ಎಲ್ಲಿ ಹೋಗುತ್ತೆ ಅಂತ ಕೇಳಿ

ಸೈನ್ಸ್ ಫಿಕ್ಷನ್ ಹುಚ್ಚಿರುವ ನಾಲ್ಕು ಜನ ಒಂದು ಕಡೆ ಸೇರಿದರೆ ಒಂದು ಜಗಳ ಗ್ಯಾರಂಟಿ. ‘ಸ್ಟಾರ್ ಟ್ರೆಕ್’ನ ಎಂಟರ್‌ಪ್ರೈಸ್ ಮತ್ತು ‘ಸ್ಟಾರ್ ವಾರ್ಸ್’ನ ಸ್ಟಾರ್ ಡೆಸ್ಟ್ರಾಯರ್ ನೌಕೆಗಳು ಎದುರುಬದುರಾದರೆ ಗೆಲ್ಲೋದು ಯಾರು? ಒಬ್ಬರು ಅಳತೆ ಹಿಡಿದು ಬರುತ್ತಾರೆ. ಎಂಟರ್‌ಪ್ರೈಸ್-ಡಿ ಉದ್ದ 642 ಮೀಟರ್, ಸ್ಟಾರ್ ಡೆಸ್ಟ್ರಾಯರ್ ಉದ್ದ 1,600 ಮೀಟರ್, ಇನ್ನೇನು ಮಾತು ಅಂತಾರೆ. ಇನ್ನೊಬ್ಬರು ಕ್ಯಾಲ್ಕುಲೇಟರ್ ತೆಗೆಯುತ್ತಾರೆ. ಈಗೀಗ ಎಐ ಚಾಟ್‌ಬಾಟ್‌ಗೆ ಕೇಳಿ ಅಚ್ಚುಕಟ್ಟಾದ ಪಟ್ಟಿಯನ್ನೇ ಮಾಡಿಸಿಕೊಂಡು ಬರುವವರೂ ಇದ್ದಾರೆ. ವೇಗ ಇಷ್ಟು, ಕವಚ ಇಷ್ಟು, ಆಯುಧ ಇಷ್ಟು. ನೋಡಲು ಚೆನ್ನಾಗಿಯೇ ಇರುತ್ತದೆ.

ಈ ಜಗಳದಲ್ಲಿ ನಾನೂ ಬೇಕಾದಷ್ಟು ಕೂಗಾಡಿದ್ದೇನೆ. ಈಗ ಆ ಪಟ್ಟಿಗಳ ಮೇಲೆ ನಂಬಿಕೆ ಹೋಗಿದೆ. ಅಂಕಿಗಳು ಸುಳ್ಳು ಅಂತಲ್ಲ. ಒಂದೊಂದು ಅಂಕಿ ಒಂದೊಂದು ಕಡೆಯಿಂದ, ಒಂದೊಂದು ಕಾರಣಕ್ಕೆ ಬಂದಿರುತ್ತದೆ. ಅವನ್ನು ಒಂದೇ ತಕ್ಕಡಿಗೆ ಹಾಕಿದರೆ ಮುಳ್ಳು ಎಲ್ಲಿಗೋ ಹೋಗಿ ನಿಲ್ಲುತ್ತದೆ. ಒಂದು ನೌಕೆಯಿಂದ ಏನೇನು ಆಗುತ್ತದೆ ಅಂತ ಪಟ್ಟಿ ಮಾಡುವ ಬದಲು, ಅದರಿಂದ ಏನು ಆಗುವುದಿಲ್ಲ ಅಂತ ಕೇಳಿ ನೋಡಿ. ಹೋಲಿಕೆಗೆ ಒಂದು ಅರ್ಥ ಬರುತ್ತದೆ.

ಮೊದಲು ಅಂಕಿಗಳ ಪಾಡು ನೋಡೋಣ. ಸ್ಟಾರ್ ಟ್ರೆಕ್‌ನ ಫೋಟಾನ್ ಟಾರ್ಪಿಡೋ ತಗೊಳ್ಳಿ. 1991ರಲ್ಲಿ ಬಂದ ಅಧಿಕೃತ ತಾಂತ್ರಿಕ ಕೈಪಿಡಿಯ ಪ್ರಕಾರ ಅದರೊಳಗೆ ಒಂದೂವರೆ ಕಿಲೋ ಆ್ಯಂಟಿಮ್ಯಾಟರ್ ಇರುತ್ತದೆ. ಅದು ಅಷ್ಟೇ ತೂಕದ ಮಾಮೂಲಿ ದ್ರವ್ಯದ ಜೊತೆ ಸೇರಿ ಪೂರ್ತಿ ಶಕ್ತಿಯಾಗುತ್ತದೆ. ಮೂರು ಕಿಲೋವನ್ನು ಬೆಳಕಿನ ವೇಗದ ವರ್ಗದಿಂದ ಗುಣಿಸಿದರೆ ಸಿಗುವುದು ಸುಮಾರು 64 ಮೆಗಾಟನ್. 1961ರಲ್ಲಿ ಸೋವಿಯತ್ ಒಕ್ಕೂಟ ಸಿಡಿಸಿದ ಅತಿ ದೊಡ್ಡ ಬಾಂಬ್ ಸುಮಾರು 50 ಮೆಗಾಟನ್ ಇತ್ತು. ಅಂದರೆ ಒಂದು ಟಾರ್ಪಿಡೋ ಅದಕ್ಕಿಂತ ಜೋರು. ಆದರೆ ಧಾರಾವಾಹಿಯಲ್ಲಿ ಅದು ಬಡಿದಾಗ ಆಗುವುದೇನು? ಹಡಗಿನ ನಿಯಂತ್ರಣ ಕೊಠಡಿಯಲ್ಲಿ ಒಂದೆರಡು ಕಿಡಿ ಹಾರುತ್ತವೆ, ಯಾರೋ ಕುರ್ಚಿಯಿಂದ ಬೀಳುತ್ತಾರೆ.

ಆ ಕಡೆ 2002ರಲ್ಲಿ ಬಂದ ಸ್ಟಾರ್ ವಾರ್ಸ್ ಪುಸ್ತಕವೊಂದು, ಸೈನಿಕರನ್ನು ಸಾಗಿಸುವ ಹಡಗಿನ ಒಂದು ಹೊಡೆತಕ್ಕೇ 200 ಗಿಗಾಟನ್ ಕೊಟ್ಟುಬಿಟ್ಟಿತು. ಮೂರು ಸಾವಿರ ಫೋಟಾನ್ ಟಾರ್ಪಿಡೋಗಳ ಲೆಕ್ಕ! ಜಗಳಗಂಟ ಅಭಿಮಾನಿಗಳಿಗೆ ಹಬ್ಬ. ಸಿನಿಮಾದಲ್ಲಿ ಮಾತ್ರ ಎರಡು ಹಡಗು ಪಕ್ಕಪಕ್ಕ ನಿಂತು ಒಂದನ್ನೊಂದು ಹೊಡೆಯುತ್ತಿರುತ್ತವೆ, ಬೀಳುವುದು ಕೆಲವು ಮೀಟರ್ ಅಗಲದ ತೂತು. ಎರಡು ಕಡೆಯೂ ಅಷ್ಟೇ. ಚಿತ್ರ ಮೊದಲು ಬಂತು, ಅಂಕಿ ಆಮೇಲೆ ಬಂತು. ಅಂಕಿ ಬರೆದವರು ಚಿತ್ರ ತೆಗೆದವರಲ್ಲ. ಈ ಎರಡನ್ನು ಸೇರಿಸಿ ‘ಯಾರು ಗೆಲ್ಲುತ್ತಾರೆ’ ಅಂತ ತೀರ್ಪು ಕೊಡುವುದು ಸುಮ್ನೆ ಹೊತ್ತು ಕಳೆಯೋಕೆ ಸರಿ.

ವೇಗದ ವಿಷಯವೂ ಹೀಗೆಯೇ ಶುರುವಾಗುತ್ತದೆ, ಆದರೆ ಸ್ವಲ್ಪ ದೂರ ಹೋದ ಮೇಲೆ ಸ್ವಾರಸ್ಯಕ್ಕೆ ತಿರುಗುತ್ತದೆ. ಮೂಲ ಸ್ಟಾರ್ ಟ್ರೆಕ್‌ನಲ್ಲಿ ಬೆಳಕನ್ನು ಮೀರುವ ಓಟಕ್ಕೆ ವಾರ್ಪ್ ಅಂತ ಹೆಸರು, ವಾರ್ಪ್ ಅಂಕಿಯ ಘನವೇ ವೇಗ ಅನ್ನುವ ಲೆಕ್ಕವಿತ್ತು. ವಾರ್ಪ್ 6 ಅಂದರೆ ಬೆಳಕಿನ 216 ಪಟ್ಟು. ಆ ವೇಗದಲ್ಲಿ ಸೂರ್ಯನ ಅತಿ ಹತ್ತಿರದ ನೆರೆಹೊರೆಯಾದ ಆಲ್ಫಾ ಸೆಂಟಾರಿಗೆ ಒಂದು ವಾರ ಬೇಕು. 1995ರಲ್ಲಿ ಶುರುವಾದ ‘ವಾಯೇಜರ್’ ಸರಣಿಯಲ್ಲಿ ಹಡಗು ಮನೆಯಿಂದ 70,000 ಜ್ಯೋತಿರ್ವರ್ಷ ದೂರ ಎಸೆಯಲ್ಪಡುತ್ತದೆ. ವಾಪಸ್ ಬರಲು 75 ವರ್ಷ ಅಂತ ಕ್ಯಾಪ್ಟನ್ ಹೇಳುತ್ತಾಳೆ. ಭಾಗಿಸಿದರೆ ಬೆಳಕಿನ 930 ಪಟ್ಟು ವೇಗ. 1989ರ ಸಿನಿಮಾದಲ್ಲಿ ಅದೇ ಲೋಕದ ಇನ್ನೊಂದು ಹಡಗು ಗ್ಯಾಲಕ್ಸಿಯ ನಡುಮಧ್ಯಕ್ಕೆ ಊಟಕ್ಕೆ ಹೋಗಿ ಬಂದ ಹಾಗೆ ಹೋಗಿ ಬರುತ್ತದೆ. ಅದನ್ನು ಅಭಿಮಾನಿಗಳು ಮರೆತ ಹಾಗೆ ನಟಿಸುತ್ತಾರೆ. ನಾನೂ ಅಷ್ಟೇ.

ಸ್ಟಾರ್ ವಾರ್ಸ್‌ನಲ್ಲಿ ಅಂಕಿಯ ಗೊಡವೆಯೇ ಕಡಿಮೆ. ಗ್ಯಾಲಕ್ಸಿಯ ಈ ತುದಿಯಿಂದ ಆ ತುದಿಗೆ ಗಂಟೆಗಳಲ್ಲೋ ದಿನಗಳಲ್ಲೋ ಹೋಗಿಬಿಡುತ್ತಾರೆ. ಆ ಗ್ಯಾಲಕ್ಸಿ ನಮ್ಮದರಷ್ಟೇ, ಅಂದರೆ ಒಂದು ಲಕ್ಷ ಜ್ಯೋತಿರ್ವರ್ಷ ಅಗಲ ಅಂತ ಇಟ್ಟುಕೊಂಡು ಮೂರು ದಿನದ ಪಯಣ ಅಂತ ಲೆಕ್ಕ ಹಾಕಿದರೆ ಬೆಳಕಿನ ಒಂದು ಕೋಟಿ ಪಟ್ಟಿಗಿಂತ ಜಾಸ್ತಿ ಬರುತ್ತದೆ. 1977ರ ಮೊದಲ ಸಿನಿಮಾದಲ್ಲಿ ಹಾನ್ ಸೋಲೋ ತನ್ನ ಹಡಗು ಕೆಸೆಲ್ ಓಟವನ್ನು 12 ಪಾರ್ಸೆಕ್‌ಗೂ ಕಡಿಮೆಯಲ್ಲಿ ಮುಗಿಸಿತು ಅಂತ ಕೊಚ್ಚಿಕೊಳ್ಳುತ್ತಾನೆ. ಪಾರ್ಸೆಕ್ ಕಾಲದ ಅಳತೆಯಲ್ಲ, ದೂರದ್ದು, 3.26 ಜ್ಯೋತಿರ್ವರ್ಷ. ಈ ಎಡವಟ್ಟನ್ನು ಮುಚ್ಚಲು 2018ರಲ್ಲಿ ಒಂದು ಸಿನಿಮಾದ ಅರ್ಧ ಕಥೆಯೇ ಬೇಕಾಯಿತು. ಅಪಾಯದ ಒಳದಾರಿ ಹಿಡಿದು ದೂರವನ್ನೇ ಕಡಿಮೆ ಮಾಡಿದ ಅಂತ ತೇಪೆ ಹಚ್ಚಿದರು. ಮೆಚ್ಚಬೇಕು, ತೇಪೆ ಕೆಟ್ಟದಾಗಿಲ್ಲ.

ಈ ಎರಡು ವೇಗಗಳಿಂದ ಎರಡು ಬೇರೆ ಬೇರೆ ಸಮಾಜಗಳೇ ಹುಟ್ಟುತ್ತವೆ. ಮೂರು ದಿನದಲ್ಲಿ ಗ್ಯಾಲಕ್ಸಿ ದಾಟಬಹುದಾದರೆ ಮಾತ್ರ ಒಬ್ಬ ಚಕ್ರವರ್ತಿ ಇಡೀ ಗ್ಯಾಲಕ್ಸಿಯನ್ನು ಆಳಬಹುದು. ಎಲ್ಲಿ ದಂಗೆ ಎದ್ದರೂ ನಾಳೆಯೇ ಅಲ್ಲಿ ಪಡೆ ಇಳಿಯುತ್ತದೆ. ಸ್ಟಾರ್ ಟ್ರೆಕ್‌ನ ವೇಗದಲ್ಲಿ ಅದು ಆಗದ ಕೆಲಸ. ಅಲ್ಲಿ ಹಡಗು ಕೇಂದ್ರದಿಂದ ವಾರಗಟ್ಟಲೆ ದೂರ. ಸಂದೇಶ ಹೋಗಿ ಉತ್ತರ ಬರುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ. ಹಾಗಾಗಿ ಕ್ಯಾಪ್ಟನ್ ಅಲ್ಲೇ ನ್ಯಾಯಾಧೀಶ, ರಾಯಭಾರಿ, ಸೇನಾಪತಿ ಎಲ್ಲವೂ ಆಗಬೇಕಾಗುತ್ತದೆ. ಹಾಯಿಹಡಗಿನ ಕಾಲದ ಕಪ್ತಾನರ ಪಾಡು ಇದೇ ಆಗಿತ್ತು. ‘ಹಡಗು ಎಷ್ಟು ನಿಧಾನ’ ಅನ್ನುವ ಪ್ರಶ್ನೆಯೇ ‘ಕ್ಯಾಪ್ಟನ್ ಎಷ್ಟು ಸ್ವತಂತ್ರ’ ಅನ್ನುವುದಕ್ಕೆ ಉತ್ತರ ಕೊಡುತ್ತದೆ.

ಮಿತಿಯನ್ನೇ ಬಂಡವಾಳ ಮಾಡಿಕೊಂಡದ್ದರಲ್ಲಿ 1965ರ ‘ಡ್ಯೂನ್’ ಕಾದಂಬರಿಗೆ ನನ್ನ ಪೂರ್ತಿ ಅಂಕ. ಅಲ್ಲಿ ಜಾಗವನ್ನೇ ಮಡಚಿ ದಾಟುವ ಎಂಜಿನ್ ಇದೆ. ಆದರೆ ದಾರಿ ಹುಡುಕಲು ಕಂಪ್ಯೂಟರ್ ಇಲ್ಲ. ಯೋಚಿಸುವ ಯಂತ್ರಗಳನ್ನು ಎಂದೋ ನಿಷೇಧಿಸಿಬಿಟ್ಟಿದ್ದಾರೆ. ದಾರಿ ಕಾಣಬೇಕಾದರೆ ನ್ಯಾವಿಗೇಟರ್ ಒಬ್ಬ ಸ್ಪೈಸ್ ಅನ್ನುವ ಮಾದಕ ದ್ರವ್ಯ ಸೇವಿಸಿ ಭವಿಷ್ಯವನ್ನೇ ಇಣುಕಬೇಕು. ಆ ಸ್ಪೈಸ್ ಸಿಗುವುದು ಒಂದೇ ಒಂದು ಮರಳುಗಾಡಿನ ಗ್ರಹದಲ್ಲಿ. ಈ ಒಂದು ತಾಂತ್ರಿಕ ಕೊರತೆಯಿಂದ ಹಡಗು ಓಡಿಸುವವರ ಸಂಘವಾದ ಗಿಲ್ಡ್‌ನ ಏಕಸ್ವಾಮ್ಯ, ಚಕ್ರವರ್ತಿಯ ಭಯ, ಮನೆತನಗಳ ಕಿತ್ತಾಟ ಎಲ್ಲವೂ ಸರಪಳಿಯ ಹಾಗೆ ಬಿಚ್ಚಿಕೊಳ್ಳುತ್ತವೆ. ಆ ಹಡಗುಗಳ ಉದ್ದವಾಗಲಿ ವೇಗವಾಗಲಿ ಯಾರಿಗೂ ನೆನಪಿಲ್ಲ, ಬೇಕಾಗಿಯೂ ಇಲ್ಲ.

2004ರ ‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ’ ಸರಣಿಯಲ್ಲಿ ಹಡಗು ಉಳಿಯುವುದೇ ಅದು ಹಳೆಯದು ಅನ್ನುವ ಕಾರಣಕ್ಕೆ. ಅದರ ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಜೋಡಿಸಿಲ್ಲ, ಹಾಗಾಗಿ ಶತ್ರುವಿನ ವೈರಸ್ ಒಳಗೆ ಹರಡಲು ದಾರಿಯಿಲ್ಲ. ಹೊಸ ಹಡಗುಗಳು ಹೆಚ್ಚುಕಮ್ಮಿ ಎಲ್ಲವೂ ಒಂದೇ ಏಟಿಗೆ ಸತ್ತವು. ಆ ಸರಣಿಯ ಮೊದಲ ಕಂತಿನಲ್ಲಿ ಶತ್ರು ಪ್ರತಿ 33 ನಿಮಿಷಕ್ಕೆ ಸರಿಯಾಗಿ ಬಂದು ನಿಲ್ಲುತ್ತಾನೆ. ಪ್ರತಿ ಸಲ ಇಡೀ ಪಡೆ ಇನ್ನೊಂದು ಕಡೆಗೆ ಜಿಗಿಯಬೇಕು. 130 ಗಂಟೆಯಲ್ಲಿ 237 ಜಿಗಿತ. ಎಂಜಿನ್ ತಡೆದುಕೊಂಡೀತು, ನಿದ್ದೆಗೆಟ್ಟ ಮನುಷ್ಯರು ತಡೆಯಬೇಕಲ್ಲ! ಎಂಜಿನ್ ಹೇಗೆ ಕೆಲಸ ಮಾಡುತ್ತದೆ ಅಂತ ಆ ಕಂತು ಒಂದು ಮಾತೂ ಹೇಳುವುದಿಲ್ಲ. ಆದರೂ ಅದರ ಭಾರ ನೋಡುವವರ ಮೈಗೆ ತಟ್ಟುತ್ತದೆ.

ಇದರ ಉಲ್ಟಾ ಉದಾಹರಣೆಯೂ ಇದೆ. 2017ರ ಸ್ಟಾರ್ ವಾರ್ಸ್ ಸಿನಿಮಾದಲ್ಲಿ ಅಡ್ಮಿರಲ್ ಹೋಲ್ಡೋ ತನ್ನ ಹಡಗನ್ನು ಹೈಪರ್‌ಸ್ಪೇಸ್ ವೇಗದಲ್ಲಿ, ಅಂದರೆ ಬೆಳಕನ್ನು ಮೀರುವ ಜಿಗಿತದಲ್ಲಿ, ಶತ್ರುವಿನ ಹಡಗಿಗೆ ನುಗ್ಗಿಸಿ ಎರಡು ಹೋಳು ಮಾಡುತ್ತಾಳೆ. ಸದ್ದೆಲ್ಲ ನಿಂತು ಪರದೆ ಬೆಳ್ಳಗಾಗುವ ಆ ಗಳಿಗೆ ಅದ್ಭುತ. ಆದರೆ ಥಿಯೇಟರ್‌ನಿಂದ ಹೊರಗೆ ಬರುತ್ತಿದ್ದ ಹಾಗೆ ಒಂದು ಪ್ರಶ್ನೆ ಕಚ್ಚುತ್ತದೆ. ಇದು ಸಾಧ್ಯ ಅಂತಾದರೆ 40 ವರ್ಷ ಯಾಕೆ ಯಾರೂ ಮಾಡಲಿಲ್ಲ? ಗ್ರಹವನ್ನೇ ಸಿಡಿಸುವ ಡೆತ್ ಸ್ಟಾರ್‌ಗೆ ಒಂದು ಗುಜರಿ ಹಡಗನ್ನು ನುಗ್ಗಿಸಿದ್ದರೆ ಮುಗಿಯುತ್ತಿತ್ತು, ಅಲ್ವಾ? 2019ರ ಸಿನಿಮಾದಲ್ಲಿ ಒಂದು ಪಾತ್ರದ ಬಾಯಲ್ಲಿ ‘ಅದು ಹತ್ತು ಲಕ್ಷಕ್ಕೊಮ್ಮೆ ಆಗುವಂಥದ್ದು’ ಅನ್ನುವ ಅರ್ಥದ ಮಾತು ಹಾಕಿಸಿ ಕೈ ತೊಳೆದುಕೊಂಡರು. ಒಂದು ಬಾಗಿಲು ಮುಚ್ಚಿದೆ ಅಂತ ಎಲ್ಲರೂ ನಂಬಿಕೊಂಡಿದ್ದರು. ಒಬ್ಬರು ತಳ್ಳಿ ನೋಡಿದರು, ಚಿಲಕವೇ ಇರಲಿಲ್ಲ.

ಮಿತಿಯೇ ಇಲ್ಲದ ಲೋಕವೂ ಇದೆ. ಇಯಾನ್ ಎಂ. ಬ್ಯಾಂಕ್ಸ್‌ನ ‘ಕಲ್ಚರ್’ ಅನ್ನುವ ನಾಗರಿಕತೆಯ ಕಾದಂಬರಿಗಳಲ್ಲಿ ಹಡಗಿನ ಬುದ್ಧಿ ಮನುಷ್ಯರಿಗಿಂತ ಎಷ್ಟೋ ಮೇಲೆ. ಹಡಗೇ ಒಂದು ಪಾತ್ರ, ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳುತ್ತದೆ, ಅದೂ ತಮಾಷೆಯಾಗಿ. ಅವುಗಳಲ್ಲಿ ಎರಡು ಹೆಸರನ್ನು ಸ್ಪೇಸ್‌ಎಕ್ಸ್ ತನ್ನ ರಾಕೆಟ್ ಇಳಿಸುವ ತೇಲುವ ಕಟ್ಟೆಗಳಿಗೆ ಇಟ್ಟಿದೆ. ‘ಯಾರು ಗೆಲ್ಲುತ್ತಾರೆ’ ಪಟ್ಟಿಗಳಲ್ಲಿ ಕಲ್ಚರ್ ಯಾವಾಗಲೂ ತುದಿಯಲ್ಲಿರುತ್ತದೆ. ಆದರೆ ಏನು ಬೇಕಾದರೂ ಮಾಡಬಲ್ಲ ಹಡಗಿದ್ದರೆ ಕಥೆಗೆ ಕಷ್ಟ ಎಲ್ಲಿಂದ ತರೋದು? ಅದಕ್ಕೇ ಬ್ಯಾಂಕ್ಸ್ ಮತ್ತೆ ಮತ್ತೆ ಕಲ್ಚರ್‌ನ ಗಡಿಯಾಚೆಗೆ, ಹಿಂದುಳಿದ ಲೋಕಗಳಿಗೆ ಹೋಗುತ್ತಾನೆ. ಅವನ ಪ್ರಶ್ನೆ ‘ಮಾಡಬಹುದಾ’ ಅಂತಲ್ಲ, ‘ಮಾಡೋದು ಸರಿಯಾ’ ಅಂತ.

ಬೆಳಕನ್ನು ಮೀರುವ ಎಂಜಿನ್ ಬರೀ ಗಾಳಿಮಾತಾ? ಪೂರ್ತಿ ಅಲ್ಲ. 1994ರಲ್ಲಿ ಮೆಕ್ಸಿಕೋದ ಭೌತವಿಜ್ಞಾನಿ ಮಿಗುಯೆಲ್ ಆಲ್ಕುಬಿಯೆರೆ, ಐನ್‌ಸ್ಟೈನ್ ಸಮೀಕರಣಗಳನ್ನು ಮುರಿಯದೆಯೇ ಒಂದು ವಾರ್ಪ್ ಗುಳ್ಳೆಯನ್ನು ಬರೆದು ತೋರಿಸಿದ. ಮುಂದಿನ ಜಾಗ ಕುಗ್ಗುತ್ತದೆ, ಹಿಂದಿನದು ಹಿಗ್ಗುತ್ತದೆ, ಹಡಗು ನಡುವೆ ಸುಮ್ಮನೆ ಕೂತಿರುತ್ತದೆ. ತೊಡಕು ಒಂದೇ, ಅದಕ್ಕೆ ಋಣಾತ್ಮಕ ಶಕ್ತಿ ಬೇಕು. ಎಷ್ಟು ಅಂತ ಲೆಕ್ಕ ಹಾಕಿದವರಿಗೆ ಮೊದಲು ಸಿಕ್ಕ ಉತ್ತರ, ಕಾಣುವ ವಿಶ್ವದಲ್ಲಿರುವುದಕ್ಕಿಂತ ಜಾಸ್ತಿ. ಆಮೇಲೆ ಅದನ್ನು ಬಹಳ ಇಳಿಸಿದರು. 2024ರಲ್ಲಿ ಋಣಾತ್ಮಕ ಶಕ್ತಿಯೇ ಬೇಡದ ಒಂದು ಗುಳ್ಳೆಯ ಲೆಕ್ಕವೂ ಬಂತು. ಆದರೆ ಅದು ಬೆಳಕಿಗಿಂತ ನಿಧಾನ. ಅಲ್ಲಿಗೆ ವಾರ್ಪ್‌ನ ಮಜವೇ ಹೋಯಿತು.

ಇನ್ನು ವಾರ್ಪ್ ಇಲ್ಲದೆ ಸೌರಮಂಡಲದೊಳಗೇ ಓಡಾಡುವ ‘ಎಕ್ಸ್‌ಪ್ಯಾನ್ಸ್’. ಮೊದಲ ಕಾದಂಬರಿ 2011ರಲ್ಲಿ ಬಂತು, ಟಿವಿ ಸರಣಿ 2015ರಿಂದ 2022ರವರೆಗೆ ನಡೆಯಿತು. ಇಲ್ಲಿನ ಹಡಗು ಅಡ್ಡ ಮಲಗಿದ ದೋಣಿಯ ಹಾಗಿಲ್ಲ, ನಿಂತ ಕಟ್ಟಡದ ಹಾಗಿದೆ. ಎಂಜಿನ್ ತಳದಲ್ಲಿ, ಮಹಡಿಯ ಮೇಲೆ ಮಹಡಿ. ಎಂಜಿನ್ ಉರಿಯುವಾಗ ನೆಲ ಕಾಲನ್ನು ಒತ್ತುತ್ತದೆ, ಅದೇ ಗುರುತ್ವ. ಅರ್ಧ ದಾರಿಗೆ ಬಂದಾಗ ಎಂಜಿನ್ ಆರಿಸಿ ಹಡಗನ್ನು ತಲೆಕೆಳಗು ತಿರುಗಿಸಿ ಮತ್ತೆ ಉರಿಸುತ್ತಾರೆ, ವೇಗ ತಗ್ಗಿಸಲು. ಜೋರಾಗಿ ಓಡಿಸಿದರೆ ಒಳಗಿನವರ ರಕ್ತನಾಳ ಒಡೆಯುತ್ತದೆ, ಅದಕ್ಕೆ ಕುರ್ಚಿಯಲ್ಲೇ ಔಷಧಿ ಚುಚ್ಚಿಕೊಳ್ಳುತ್ತಾರೆ.

ಇದನ್ನು ಸ್ಟಾರ್ ಟ್ರೆಕ್ ಪಕ್ಕಕ್ಕೆ ಇಟ್ಟು ನೋಡಿ. ಎಂಟರ್‌ಪ್ರೈಸ್‌ನ ‘ಪೂರ್ಣ ಇಂಪಲ್ಸ್’ ಅಂದರೆ ಬೆಳಕಿನ ವೇಗದ ಕಾಲುಭಾಗ. ನಿಂತಲ್ಲಿಂದ ಹತ್ತು ಸೆಕೆಂಡಿನಲ್ಲಿ ಅಲ್ಲಿಗೆ ಮುಟ್ಟಬೇಕಾದರೆ ಒಳಗಿನವರ ಮೇಲೆ ಏಳೂವರೆ ಲಕ್ಷ ಜಿಗೂ (ಒಂದು ಜಿ ಅಂದರೆ ಭೂಮಿಯ ಗುರುತ್ವದಷ್ಟು) ಜಾಸ್ತಿ ಒತ್ತಡ ಬೀಳುತ್ತದೆ. ಗೋಡೆಗೆ ಮೆತ್ತಿದ ಬಣ್ಣವಾಗಿಬಿಡುತ್ತಾರೆ. ಅದಕ್ಕೆ ‘ಜಡತ್ವ ತಗ್ಗಿಸುವ ಯಂತ್ರ’ ಅಂತ ಒಂದು ಹೆಸರು ಕೊಟ್ಟು ಸುಮ್ಮನಾದರು. ಹೀಗೆ ಹೆಸರು ಕೊಟ್ಟು ಸುಮ್ಮನಾಗುವುದನ್ನು ನಾನು ತಪ್ಪು ಅನ್ನುವುದಿಲ್ಲ. ಜನರನ್ನು ಹಡಗಿನಿಂದ ಗ್ರಹಕ್ಕೆ ಕ್ಷಣದಲ್ಲಿ ಇಳಿಸುವ ಆ ಸರಣಿಯ ಟ್ರಾನ್ಸ್‌ಪೋರ್ಟರ್ ಹುಟ್ಟಿದ್ದೇ ವಾರವಾರ ಹಡಗು ಇಳಿಯುವುದನ್ನು ತೋರಿಸಲು ದುಡ್ಡು ಸಾಲದೆ. ಅದರೊಳಗಿನ ‘ಹೈಸನ್‌ಬರ್ಗ್ ಕಾಂಪೆನ್ಸೇಟರ್’ ಹೇಗೆ ಕೆಲಸ ಮಾಡುತ್ತದೆ ಅಂತ ಕೇಳಿದಾಗ, ಸರಣಿಯ ತಾಂತ್ರಿಕ ಸಲಹೆಗಾರ ಮೈಕಲ್ ಒಕುಡಾ ‘ತುಂಬಾ ಚೆನ್ನಾಗಿ ಮಾಡುತ್ತದೆ, ಥ್ಯಾಂಕ್ಸ್’ ಅಂದಿದ್ದ.

ಹಾಗಂತ ಎಕ್ಸ್‌ಪ್ಯಾನ್ಸ್ ಸಾಚಾ ಅಂದುಕೊಂಡರೆ ಅದೂ ಮೋಸವೇ. ಲೆಕ್ಕ ಮಾಡಿ ನೋಡೋಣ. ಮಂಗಳ ಗ್ರಹ ಸರಾಸರಿ 22.5 ಕೋಟಿ ಕಿಲೋಮೀಟರ್ ದೂರ. ಮೂರರಲ್ಲೊಂದು ಜಿ ವೇಗವರ್ಧನೆಯಲ್ಲಿ, ನಡುವೆ ಒಂದು ಸಲ ಪಲ್ಟಿ ಹೊಡೆದು ಹೋದರೆ ಆರು ದಿನ. ನಡುದಾರಿಯಲ್ಲಿ ವೇಗ ಸೆಕೆಂಡಿಗೆ ಸುಮಾರು 857 ಕಿಲೋಮೀಟರ್. ಮನುಷ್ಯ ಮಾಡಿದ ಅತಿ ವೇಗದ ವಸ್ತು ಪಾರ್ಕರ್ ಸೌರ ನೌಕೆ, ಅದೂ ಸೂರ್ಯನ ಸೆಳೆತದಿಂದ, 2024ರ ಡಿಸೆಂಬರ್‌ನಲ್ಲಿ ಮುಟ್ಟಿದ್ದು ಸೆಕೆಂಡಿಗೆ 192 ಕಿಲೋಮೀಟರ್. ಇನ್ನು ಸಾವಿರ ಟನ್ನಿನ ಒಂದು ಸಾಧಾರಣ ಹಡಗು 857 ಕಿಲೋಮೀಟರ್ ವೇಗದಲ್ಲಿ ಏನಕ್ಕಾದರೂ ಬಡಿದರೆ? 88 ಮೆಗಾಟನ್. ಆಗಲೇ ಲೆಕ್ಕ ಹಾಕಿದ ಫೋಟಾನ್ ಟಾರ್ಪಿಡೋಗಿಂತ ಜಾಸ್ತಿ. ‘ಕಡಿಮೆ ತಂತ್ರಜ್ಞಾನ’ದ ಎಕ್ಸ್‌ಪ್ಯಾನ್ಸ್‌ನಲ್ಲಿ ಸಾಮಾನು ಸಾಗಿಸುವ ಲಾರಿಯಂಥ ಹಡಗೂ ಒಂದು ಊರು ಅಳಿಸುವ ಆಯುಧವೇ. ಎಂಜಿನ್ ಎಷ್ಟು ಒಳ್ಳೆಯದೋ ಅಷ್ಟೇ ಒಳ್ಳೆಯ ಆಯುಧ ಅನ್ನುವುದನ್ನು ಲ್ಯಾರಿ ನಿವೆನ್ 1966ರಲ್ಲೇ ಒಂದು ಸಣ್ಣಕಥೆಯಲ್ಲಿ ತೋರಿಸಿದ್ದ.

ಆ ಎಂಜಿನ್‌ಗೆ ಎಷ್ಟು ಶಕ್ತಿ ಬೇಕು? ಹಿಂದಕ್ಕೆ ಉಗುಳುವ ಅನಿಲ ಸೆಕೆಂಡಿಗೆ 10,000 ಕಿಲೋಮೀಟರ್ ವೇಗದ್ದು ಅಂತ ಇಟ್ಟುಕೊಳ್ಳಿ. ಆ ಸಾವಿರ ಟನ್ನಿನ ಹಡಗಿಗೆ ಸುಮಾರು 16 ಟೆರಾವ್ಯಾಟ್ ಬೇಕು. ಇಡೀ ಭೂಮಿಯ ಮೇಲೆ ನಾವೆಲ್ಲ ಸೇರಿ ಎಣ್ಣೆ, ಕಲ್ಲಿದ್ದಲು, ಅನಿಲ, ವಿದ್ಯುತ್ ಎಲ್ಲ ಕೂಡಿ ಸರಾಸರಿ ಬಳಸುವುದು 20 ಟೆರಾವ್ಯಾಟ್ ಆಸುಪಾಸು. ಒಂದು ಸಣ್ಣ ಹಡಗಿನ ಬಾಲದಲ್ಲಿ ಹೆಚ್ಚುಕಮ್ಮಿ ಇಡೀ ನಾಗರಿಕತೆ ಉರಿಯುತ್ತಿದೆ. ಯಾವ ಎಂಜಿನ್ನೂ ನೂರಕ್ಕೆ ನೂರು ದಕ್ಷವಲ್ಲ. ನೂರಕ್ಕೆ 99 ಹಿಂದಕ್ಕೆ ಹೋಗಿ ಒಂದೇ ಪಾಲು ಹಡಗಿನಲ್ಲಿ ಬಿಸಿಯಾಗಿ ಉಳಿಯಿತು ಅಂದರೂ 160 ಗಿಗಾವ್ಯಾಟ್. ಈ ಬಿಸಿ ಎಲ್ಲಿ ಹೋಗಬೇಕು?

ಬಾಹ್ಯಾಕಾಶ ತಣ್ಣಗಿದೆಯಲ್ಲ, ತಾನೇ ಆರುತ್ತದೆ ಅಂತ ಅನಿಸುತ್ತದೆ. ಆರುವುದಿಲ್ಲ. ಬಿಸಿ ಹೊತ್ತೊಯ್ಯಲು ಅಲ್ಲಿ ಗಾಳಿಯಿಲ್ಲ, ನೀರಿಲ್ಲ. ಥರ್ಮಾಸ್ ಫ್ಲಾಸ್ಕ್ ಕೆಲಸ ಮಾಡುವುದು ಇದೇ ಕಾರಣಕ್ಕೆ. ನೌಕೆ ಅಂದರೆ ಒಳಗೆ ಒಲೆ ಉರಿಯುತ್ತಿರುವ ಫ್ಲಾಸ್ಕ್. ಬಿಸಿ ಹೊರಗೆ ಹೋಗಲು ಒಂದೇ ದಾರಿ, ಹಲಗೆಗಳನ್ನು ಕಾಯಿಸಿ ಕಿರಣವಾಗಿ ಬಿಡುವುದು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಅಮೋನಿಯಾ ಹರಿಯುವ ಬಿಳಿ ಮಡಿಕೆ ಹಲಗೆಗಳಿರುವುದು ಇದಕ್ಕೇ. ಅಷ್ಟು ದೊಡ್ಡ ಹಲಗೆಗಳು ಹೊರಹಾಕುವುದು 70 ಕಿಲೋವ್ಯಾಟ್, ಅಂದರೆ ಸಾವಿರ ವಾಟ್‌ನ 70 ಇಸ್ತ್ರಿಪೆಟ್ಟಿಗೆಗಳ ಬಿಸಿ. ಹಿಂದೆ ಸ್ಪೇಸ್ ಶಟಲ್ ಕಕ್ಷೆಗೆ ಹೋದ ಕೂಡಲೇ ಬೆನ್ನಿನ ಬಾಗಿಲು ತೆರೆಯುತ್ತಿದ್ದದ್ದು ನೆನಪಿದೆಯಾ? ಬಿಸಿ ಬಿಡುವ ಹಲಗೆಗಳು, ಅಂದರೆ ರೇಡಿಯೇಟರ್‌ಗಳು, ಆ ಬಾಗಿಲ ಒಳಮೈಯಲ್ಲಿದ್ದವು. ಬಾಗಿಲು ತೆರೆಯದಿದ್ದರೆ ಬೇಗ ವಾಪಸ್ ಬರುವುದೊಂದೇ ದಾರಿ.

ನಮ್ಮ ಎಕ್ಸ್‌ಪ್ಯಾನ್ಸ್ ಹಡಗಿನ 160 ಗಿಗಾವ್ಯಾಟ್‌ಗೆ, ಹಲಗೆಗಳನ್ನು 1,200 ಡಿಗ್ರಿಗೂ ಮೇಲೆ ಕೆಂಡದ ಹಾಗೆ ಕಾಯಿಸಿ ಎರಡೂ ಬದಿಯಿಂದ ಬಿಟ್ಟರೂ ಸುಮಾರು 40 ಫುಟ್‌ಬಾಲ್ ಮೈದಾನದಷ್ಟು ರೇಡಿಯೇಟರ್ ಬೇಕು. ಪರದೆಯ ಮೇಲೆ ಅಂಥದ್ದೇನೂ ಕಾಣುವುದಿಲ್ಲ. ಜಿ ಒತ್ತಡದಲ್ಲಿ ಅಷ್ಟು ನಿಷ್ಠೆ ತೋರಿಸಿದವರು ಬಿಸಿಯನ್ನು ಮೆಲ್ಲಗೆ ಚಾಪೆ ಕೆಳಗೆ ತಳ್ಳಿದ್ದಾರೆ. ಎಂಟರ್‌ಪ್ರೈಸ್, ಸ್ಟಾರ್ ಡೆಸ್ಟ್ರಾಯರ್ ಕೇಳಲೇಬೇಡಿ.

ಬಿಸಿಯನ್ನೇ ಕಥೆಗೆ ಎಳೆದುಕೊಂಡವರೂ ಇದ್ದಾರೆ. 2007ರ ‘ಮಾಸ್ ಎಫೆಕ್ಟ್’ ಗೇಮ್‌ನಲ್ಲಿ ನಾರ್ಮಂಡಿ ಅನ್ನುವ ಹಡಗು ಶತ್ರುವಿಗೆ ಕಾಣದ ಹಾಗೆ ಓಡಾಡುತ್ತದೆ. ಹೇಗೆ? ಬಿಸಿ ಹೊರಗೆ ಬಿಟ್ಟರೆ ಕಾಣುತ್ತದೆ, ಅದಕ್ಕೆ ಒಳಗೇ ಹಿಡಿದಿಡುತ್ತದೆ. ಆದರೆ ಕೆಲವೇ ಗಂಟೆ. ಅದಕ್ಕೂ ಮೀರಿ ಹಿಡಿದಿಟ್ಟರೆ ಒಳಗಿನವರೇ ಬೆಂದುಹೋಗುತ್ತಾರೆ. ಕವಚ, ಆಯುಧಗಳ ಅಂಕಿಗಿಂತ ಈ ಒಂದು ಗಡುವು ಆ ಹಡಗನ್ನು ನಿಜ ಅನ್ನಿಸುತ್ತದೆ. 2009ರ ‘ಅವತಾರ್’ ಸಿನಿಮಾ ತೆರೆದುಕೊಳ್ಳುವಾಗ ಕಾಣುವ ನೌಕೆಯಲ್ಲಿ ಎಂಜಿನ್‌ಗಳು ಮುಂದಿವೆ, ಜನ ಹಿಂದೆ ದೂರದಲ್ಲಿ ಹಗ್ಗಕ್ಕೆ ಕಟ್ಟಿದ ಹಾಗೆ, ನಡುವೆ ದೊಡ್ಡ ರೇಡಿಯೇಟರ್ ಹಲಗೆಗಳು. ಪರದೆಯ ಮೇಲೆ ಕೆಲವೇ ಸೆಕೆಂಡು ಇರುತ್ತದೆ. ಸಿನಿಮಾದ ಉಳಿದ ಭಾಗ ನೀಲಿ ಜನಕ್ಕೆ. ನನಗೆ ಮಾತ್ರ ಆ ಸೆಕೆಂಡುಗಳೇ ಸಾಕಾಗಿದ್ದವು.

1968ರ ‘2001: ಎ ಸ್ಪೇಸ್ ಒಡಿಸ್ಸಿ’ ತಂಡಕ್ಕೂ ಇದು ಗೊತ್ತಿತ್ತು. ಡಿಸ್ಕವರಿ ನೌಕೆಯ ಮೊದಲ ನಕ್ಷೆಗಳಲ್ಲಿ ರಿಯಾಕ್ಟರ್‌ನ ಬಿಸಿ ಬಿಡಲು ಅಗಲವಾದ ರೇಡಿಯೇಟರ್‌ಗಳನ್ನು ಬರೆದಿದ್ದರು. ತಿರುಗುವ ಗುರುತ್ವ ಚಕ್ರವನ್ನು ನಿಜವಾಗಿಯೇ ಕಟ್ಟಿಸಿ ಅದರೊಳಗೆ ನಟರನ್ನು ಓಡಿಸಿದವರು ಅವರು. ವಿಜ್ಞಾನದಲ್ಲಿ ಅಷ್ಟು ಹಟ. ಆದರೂ ಕೊನೆಗೆ ಆ ರೇಡಿಯೇಟರ್‌ಗಳನ್ನು ತೆಗೆದುಹಾಕಿದರು. ಗಾಳಿಯೇ ಇಲ್ಲದ ಕಡೆ ಹೋಗುವ ನೌಕೆಗೆ ರೆಕ್ಕೆ ಯಾಕೆ ಅಂತ ನೋಡುವವರು ಕೇಳಿಯಾರು ಅನ್ನುವ ಭಯ.